ಉದ್ಯೋಗದ ಒತ್ತಡ ಮತ್ತು ಮಧುಮೇಹ: ಉದ್ಯಮಿಗಳು ತೆರೆಯಬೇಕಾದ ಇನ್ನೊಂದು ಖಾತೆ

ವ್ಯಾಪಾರ ಮತ್ತು ಕೈಗಾರಿಕೆಗಳಲ್ಲಿ ತೊಡಗಿರುವವರಿಗೆ ಲೆಕ್ಕಪತ್ರದ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೋದಾಮಿನಲ್ಲಿ ಸರಕೆಷ್ಟಿದೆ, ಬರಬೇಕಾದ ಬಾಕಿ ಎಷ್ಟು, ಬ್ಯಾಂಕಿಗೆ ಕಟ್ಟಬೇಕಾದ ಕಂತೆಷ್ಟು ಎಂಬುದು ಅವರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಆದರೆ ತಮ್ಮ ರಕ್ತದ ಸಕ್ಕರೆ ಎಷ್ಟು, ರಕ್ತದೊತ್ತಡವೆಷ್ಟು, ಸೊಂಟದ ಸುತ್ತಳತೆ ಎಷ್ಟು ಎಂದು ಕೇಳಿದಾಗ ತಟ್ಟನೆ ಉತ್ತರಿಸಬಲ್ಲವರು ವಿರಳ. ವ್ಯವಹಾರದ ಮೂಲ ಬಂಡವಾಳವಾದ ದೇಹದ ಲೆಕ್ಕವೇ ಹೀಗೆ ಬರೆಯದೆ ಉಳಿದುಬಿಡುತ್ತದೆ. ಈ ಲೆಕ್ಕವನ್ನು ಏರುಪೇರು ಮಾಡುವ ಕಾರಣಗಳಲ್ಲಿ ಉದ್ಯೋಗದ ಒತ್ತಡವೂ ಒಂದೆಂಬುದನ್ನು ಕಳೆದ ಕೆಲವು ದಶಕಗಳ ವೈದ್ಯಕೀಯ ಸಂಶೋಧನೆಗಳು ತೋರಿಸಿಕೊಟ್ಟಿವೆ.

ಸಮಸ್ಯೆಯ ಗಾತ್ರವನ್ನು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ 2008ರಿಂದ 2020ರವರೆಗೆ ನಡೆದ ಸಮೀಕ್ಷೆಯಲ್ಲಿ 20 ವರ್ಷ ಮೇಲ್ಪಟ್ಟ 1,13,043 ಜನರನ್ನು ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದ್ದು, ಶೇ. 15.3 ಮಂದಿ ಅದರ ಹೊಸ್ತಿಲಿನಲ್ಲಿದ್ದಾರೆ. ಜನಸಂಖ್ಯೆಗೆ ಅನ್ವಯಿಸಿದಾಗ ಇದು ಕ್ರಮವಾಗಿ ಸುಮಾರು 10.1 ಕೋಟಿ ಮತ್ತು 13.6 ಕೋಟಿ. ನಗರಗಳಲ್ಲಿ ಶೇ. 16.4ರಷ್ಟಿದ್ದ ಪ್ರಮಾಣ ಗ್ರಾಮಾಂತರದಲ್ಲಿ ಶೇ. 8.9ರಷ್ಟಿತ್ತು. ಮಧುಮೇಹಕ್ಕೆ ವಂಶವಾಹಿ, ಬೊಜ್ಜು, ಆಹಾರ, ವ್ಯಾಯಾಮದ ಕೊರತೆ ಮುಂತಾದ ಕಾರಣಗಳು ಪ್ರಮುಖವೆಂಬುದರಲ್ಲಿ ಸಂಶಯವಿಲ್ಲ. ಈ ಕಾರಣಗಳ ಹಿಂದೆ ನಿಂತು ಅವುಗಳಿಗೆ ಬಲ ತುಂಬುವುದು ಒತ್ತಡ.

ದೇಹದಲ್ಲಿ ನಡೆಯುವುದೇನು?

ಒತ್ತಡಕ್ಕೂ ಸಕ್ಕರೆ ಕಾಯಿಲೆಗೂ ನಂಟಿರಬಹುದೆಂಬ ಊಹೆ ಹೊಸದಲ್ಲ. 17ನೆಯ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ದೀರ್ಘಕಾಲದ ದುಃಖವು ಈ ಕಾಯಿಲೆಗೆ ದಾರಿ ಮಾಡಿಕೊಡುತ್ತದೆಂದು ಬರೆದಿದ್ದನು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್, ಅಪಾಯ ಎದುರಾದಾಗ ದೇಹವು ಹೋರಾಟಕ್ಕೋ ಪಲಾಯನಕ್ಕೋ ಹೇಗೆ ಸಜ್ಜಾಗುತ್ತದೆಂಬುದನ್ನು ವಿವರಿಸಿದನು. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಲೇಖನದಿಂದ ಒತ್ತಡದ ಆಧುನಿಕ ಅಧ್ಯಯನಕ್ಕೆ ಅಡಿಪಾಯ ಬಿದ್ದಿತು.

ಅಪಾಯದ ಸೂಚನೆ ಸಿಕ್ಕೊಡನೆ ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಯಕೃತ್ತು ತಾನು ಕೂಡಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಡುಗಡೆ ಮಾಡುತ್ತದೆ. ಹುಲಿ ಕಂಡು ಓಡುವವನಿಗೆ ಈ ಸಕ್ಕರೆಯೇ ಇಂಧನ. ಓಡಿ ಮುಗಿಸುವಷ್ಟರಲ್ಲಿ ಅದು ಸ್ನಾಯುಗಳಲ್ಲಿ ಖರ್ಚಾಗುತ್ತದೆ, ದೇಹ ಮತ್ತೆ ಸಮಸ್ಥಿತಿಗೆ ಮರಳುತ್ತದೆ.

ಇಂದಿನ ಉದ್ಯಮಿಗೆ ಎದುರಾಗುವ ಅಪಾಯಗಳು ಬೇರೆ ಬಗೆಯವು. ಚೆಕ್ ಬೌನ್ಸ್ ಆದ ಸುದ್ದಿ ಬರುತ್ತದೆ, ಕಳುಹಿಸಿದ ಮಾಲು ತಿರಸ್ಕೃತವಾಗುತ್ತದೆ, ತೆರಿಗೆ ಇಲಾಖೆಯ ನೋಟೀಸು ಕೈ ಸೇರುತ್ತದೆ. ದೇಹ ಮಾತ್ರ ಹಳೆಯ ರೀತಿಯಲ್ಲಿಯೇ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಆತ ಕುರ್ಚಿಯಲ್ಲಿಯೇ ಕುಳಿತಿರುವುದರಿಂದ ಆ ಸಕ್ಕರೆಗೆ ಖರ್ಚಿನ ದಾರಿಯಿಲ್ಲ. ವರ್ಷಗಟ್ಟಲೆ ಇದೇ ಸ್ಥಿತಿ ಮುಂದುವರಿದರೆ ಜೀವಕೋಶಗಳು ಇನ್ಸುಲಿನ್ನಿನ ಆಣತಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಸಾಮರ್ಥ್ಯ ಮೀರಿ ಹಗಲಿರುಳೂ ಓಡಿಸಿದ ಯಂತ್ರದಂತೆ ಅದೂ ಕ್ರಮೇಣ ದಣಿಯುತ್ತದೆ. ಇದರ ಜೊತೆಗೆ ಕಾರ್ಟಿಸಾಲ್ ಹಸಿವನ್ನು ಕೆರಳಿಸುತ್ತದೆ, ಕೊಬ್ಬನ್ನು ಹೊಟ್ಟೆಯ ಸುತ್ತ ಶೇಖರಿಸುತ್ತದೆ. ಹೊಟ್ಟೆಯೊಳಗಿನ ಈ ಕೊಬ್ಬೇ ಇನ್ಸುಲಿನ್ ಪ್ರತಿರೋಧಕ್ಕೆ ಮತ್ತಷ್ಟು ಇಂಬು ಕೊಡುತ್ತದೆ.

ಲಂಡನ್ನಿನ ಗುಮಾಸ್ತರು ಕಲಿಸಿದ ಪಾಠ

ಒತ್ತಡವೆಂಬುದು ದೊಡ್ಡ ಹುದ್ದೆಯವರ ಕಾಯಿಲೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಇದನ್ನು ಬುಡಮೇಲು ಮಾಡಿದ್ದು ಲಂಡನ್ನಿನ ಸರಕಾರಿ ನೌಕರರ ಮೇಲೆ ನಡೆದ ‘ವೈಟ್‌ಹಾಲ್’ ಅಧ್ಯಯನ. 1967ರಲ್ಲಿ ಆರಂಭವಾದ ಮೊದಲನೆಯ ಅಧ್ಯಯನದಲ್ಲಿ ಅತ್ಯಂತ ಕೆಳದರ್ಜೆಯ ನೌಕರರು ಹೃದಯರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು 3 ಪಟ್ಟು ಹೆಚ್ಚೆಂದು ಕಂಡುಬಂದಿತು. ಧೂಮಪಾನ, ರಕ್ತದೊತ್ತಡಗಳ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಪೂರ್ತಿಯಾಗಿ ಅಳಿಯಲಿಲ್ಲ.

1985ರಲ್ಲಿ ಪ್ರೊಫೆಸರ್ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಎರಡನೆಯ ಅಧ್ಯಯನ ಆರಂಭವಾಯಿತು. 35ರಿಂದ 55 ವರ್ಷ ವಯಸ್ಸಿನ 10,308 ಸ್ತ್ರೀ-ಪುರುಷ ನೌಕರರನ್ನು ದೀರ್ಘಕಾಲ ಅನುಸರಿಸಿ ಅವರ ಆರೋಗ್ಯವನ್ನು ದಾಖಲಿಸಲಾಯಿತು. ಹೊಟ್ಟೆಯ ಬೊಜ್ಜು, ಏರಿದ ರಕ್ತದೊತ್ತಡ, ಏರಿದ ರಕ್ತದ ಸಕ್ಕರೆ, ಕೆಟ್ಟ ಕೊಬ್ಬಿನಂಶ ಇವೆಲ್ಲ ಒಟ್ಟುಗೂಡುವ ಸ್ಥಿತಿಗೆ ವೈದ್ಯರು ‘ಮೆಟಬಾಲಿಕ್ ಸಿಂಡ್ರೋಮ್’ ಎನ್ನುತ್ತಾರೆ. ಇದು ಮಧುಮೇಹಕ್ಕೂ ಹೃದಯಾಘಾತಕ್ಕೂ ಮುನ್ಸೂಚನೆ. 2006ರಲ್ಲಿ ಪ್ರಕಟವಾದ ವರದಿಯಂತೆ, 14 ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಉದ್ಯೋಗದ ಒತ್ತಡಕ್ಕೆ ಒಳಗಾಗಿದ್ದವರಲ್ಲಿ ಈ ಸ್ಥಿತಿ ಕಂಡುಬರುವ ಸಂಭವ ಒತ್ತಡವಿಲ್ಲದವರಿಗಿಂತ ದುಪ್ಪಟ್ಟಿಗೂ ಹೆಚ್ಚಾಗಿತ್ತು.

ಇಲ್ಲಿ ಒತ್ತಡವನ್ನು ಅಳೆದ ರೀತಿ ಉದ್ಯಮಿಗಳಿಗೆ ಮುಖ್ಯವಾದದ್ದು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಸೆಕ್ 1979ರಲ್ಲಿ ಮಂಡಿಸಿದ ಸೂತ್ರದ ಪ್ರಕಾರ ಕೆಲಸ ಹೆಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಹಾನಿಯಾಗುವುದಿಲ್ಲ. ಕೆಲಸದ ಬೇಡಿಕೆ ವಿಪರೀತವಾಗಿದ್ದು, ಅದನ್ನು ಯಾವಾಗ, ಹೇಗೆ ಮಾಡಬೇಕೆಂಬುದರ ಮೇಲೆ ಹಿಡಿತವಿಲ್ಲದಿದ್ದಾಗ ದೇಹ ಜರ್ಝರಿತವಾಗುತ್ತದೆ. ಹಿಡಿತವಿಲ್ಲದ ಹೊರೆಯೇ ಅಪಾಯಕಾರಿ ಒತ್ತಡ.

ಈ ಸೂತ್ರವನ್ನೇ ಆಧರಿಸಿ ಯುರೋಪಿನ ಹಲವು ಅಧ್ಯಯನಗಳನ್ನು ಒಗ್ಗೂಡಿಸಿ 1,24,808 ಮಂದಿಯ ಮಾಹಿತಿಯನ್ನು ವಿಶ್ಲೇಷಿಸಿದ ವರದಿಯೊಂದು 2014ರಲ್ಲಿ ಪ್ರಕಟವಾಯಿತು. ಉದ್ಯೋಗದ ಒತ್ತಡವಿರುವವರಲ್ಲಿ ಎರಡನೆಯ ಬಗೆಯ ಮಧುಮೇಹದ ಅಪಾಯ ಶೇ. 15ರಷ್ಟು ಅಧಿಕವೆಂದು ಅದು ತಿಳಿಸಿತು. ಅದೇ ವರ್ಷ ಜರ್ಮನಿಯ ಆಗ್ಸ್‌ಬರ್ಗ್ ಪ್ರದೇಶದ 5,337 ಉದ್ಯೋಗಿಗಳ ಅಧ್ಯಯನದಲ್ಲಿ ಈ ಅಂತರ ಶೇ. 45ರಷ್ಟಿತ್ತು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲವೆಂಬುದನ್ನೂ ಇಲ್ಲಿ ನಮೂದಿಸಬೇಕು. ವೈಟ್‌ಹಾಲ್ ನೌಕರರ ಬಗೆಗಿನ 2009ರ ವರದಿಯೊಂದರಲ್ಲಿ ಒತ್ತಡದಿಂದ ಮಧುಮೇಹದ ಅಪಾಯ ಮಹಿಳೆಯರಲ್ಲಿ ಇಮ್ಮಡಿಯಾದರೆ ಪುರುಷರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಒತ್ತಡವೊಂದೇ ಮಧುಮೇಹವನ್ನು ತರುತ್ತದೆಂದು ಹೇಳಲಾಗದು. ಇತರ ಕಾರಣಗಳೊಡನೆ ಸೇರಿ ಅದು ತಕ್ಕಡಿಯನ್ನು ವಾಲಿಸುತ್ತದೆ ಎನ್ನುವುದೇ ಸರಿಯಾದ ನಿಲುವು.

ಸಣ್ಣ ಉದ್ಯಮಿಯ ಒಂದು ತಿಂಗಳು

ಹಿಡಿತವಿಲ್ಲದ ಹೊರೆ ಎಂಬ ಮಾತನ್ನು ನಮ್ಮ ಸಣ್ಣ ಕೈಗಾರಿಕೆಗಳಿಗೆ ಅನ್ವಯಿಸಿ ನೋಡೋಣ. ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವವರಿರಲಿ, ಬೆಳಗಾವಿಯಲ್ಲಿ ಎರಕದ ಕಾರ್ಖಾನೆ ನಡೆಸುವವರಿರಲಿ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದವರಿರಲಿ, ಅವರ ತಿಂಗಳ ಪಂಚಾಂಗ ಹೆಚ್ಚುಕಡಿಮೆ ಒಂದೇ. 7ನೆಯ ತಾರೀಖಿನೊಳಗೆ ವೇತನ ಬಟವಾಡೆಯಾಗಬೇಕು, ಮೂಲದಲ್ಲಿ ಕಡಿತ ಮಾಡಿದ ತೆರಿಗೆಯನ್ನು ಕಟ್ಟಬೇಕು. 11ಕ್ಕೆ ಮಾರಾಟದ ಜಿ.ಎಸ್.ಟಿ. ವಿವರ, 15ಕ್ಕೆ ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆ, 20ಕ್ಕೆ ಜಿ.ಎಸ್.ಟಿ. ಪಾವತಿ. ನಡುವೆ ಬ್ಯಾಂಕಿನ ಕಂತು, ವಿದ್ಯುತ್ ಬಿಲ್ಲು. ಕೊಡಬೇಕಾದ ಹಣಕ್ಕೆಲ್ಲ ಹೀಗೆ ಖಚಿತ ದಿನಾಂಕವಿದೆ. ಬರಬೇಕಾದ ಹಣಕ್ಕೆ ದಿನಾಂಕವಿಲ್ಲ. ಮಾಲು ಪಡೆದ ದೊಡ್ಡ ಕಂಪನಿ 90 ದಿನವೋ 120 ದಿನವೋ ಕಳೆದ ಮೇಲೆ ಹಣ ಕೊಟ್ಟರೂ ಸಣ್ಣ ಘಟಕದ ಮಾಲೀಕ ತುಟಿ ಬಿಚ್ಚಲಾರ. ಮುಂದಿನ ಆರ್ಡರು ತಪ್ಪೀತೆಂಬ ಅಳುಕು. ಮಂಡಿ ವರ್ತಕರದೂ ಇದೇ ಪಾಡು. ಒಂದೆಡೆ ಉದರಿ ಕೊಡದೆ ವ್ಯಾಪಾರವಿಲ್ಲ, ಇನ್ನೊಂದೆಡೆ ವಸೂಲಿಯ ಭರವಸೆಯಿಲ್ಲ. ಕರಸೆಕ್ ಹೇಳಿದ ಅಪಾಯಕಾರಿ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಕೆಲಸದ ಅವಧಿಯದೂ ಇದೇ ಕಥೆ. 1948ರ ಕಾರ್ಖಾನೆ ಕಾಯಿದೆ ಕಾರ್ಮಿಕನಿಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ಮಾಲೀಕನ ದುಡಿಮೆಗೆ ಮಿತಿ ಹಾಕುವ ಕಾಯಿದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಜಂಟಿ ವರದಿಯ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಮತ್ತು ಹೃದಯರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಅಧಿಕ. ಬೆಳಿಗ್ಗೆ 9ಕ್ಕೆ ಬಾಗಿಲು ತೆರೆದು ರಾತ್ರಿ 9ಕ್ಕೆ ಮುಚ್ಚುವ ಅಂಗಡಿಯ ಯಜಮಾನರು ವಾರಕ್ಕೆ 6 ದಿನ ದುಡಿದರೆ 72 ಗಂಟೆಗಳಾಗುತ್ತವೆ.

ಒತ್ತಡ ನುಸುಳುವ ಹಿಂಬಾಗಿಲುಗಳು

ಹಾರ್ಮೋನುಗಳ ಮೂಲಕ ನೇರವಾಗಿ ಆಗುವ ಹಾನಿಯಲ್ಲದೆ, ದಿನಚರಿಯನ್ನು ಕೆಡಿಸಿಯೂ ಒತ್ತಡ ತನ್ನ ಕೆಲಸ ಸಾಧಿಸುತ್ತದೆ.

ಮೊದಲನೆಯದು ನಿದ್ರೆ. 1999ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ಆರೋಗ್ಯವಂತ ಯುವಕರಿಗೆ 6 ರಾತ್ರಿ ತಲಾ 4 ಗಂಟೆಗಳ ನಿದ್ರೆಗೆ ಮಾತ್ರ ಅವಕಾಶವಿತ್ತರು. ಅಷ್ಟು ಅಲ್ಪ ಅವಧಿಯಲ್ಲಿಯೇ ಸಕ್ಕರೆಯನ್ನು ಅರಗಿಸಿಕೊಳ್ಳುವ ಅವರ ದೇಹದ ಶಕ್ತಿ ಗಮನಾರ್ಹವಾಗಿ ಕುಸಿಯಿತು. ಬಾಕಿಯ ಚಿಂತೆಯಿಂದ ರಾತ್ರಿಯೆಲ್ಲ ಹೊರಳಾಡುವವರು ಇದನ್ನು ನೆನಪಿನಲ್ಲಿಡಬೇಕು. ರಾತ್ರಿಪಾಳಿಯ ಕಾರ್ಮಿಕರಿಗೂ ಇದು ಅನ್ವಯಿಸುತ್ತದೆ. ಅಮೆರಿಕದ ದಾದಿಯರ ಬಗ್ಗೆ 2011ರಲ್ಲಿ ಬಂದ ವರದಿಯಲ್ಲಿ, ಸರದಿಯ ರಾತ್ರಿಪಾಳಿಯಲ್ಲಿ ದುಡಿದ ವರ್ಷಗಳು ಹೆಚ್ಚಿದಂತೆಲ್ಲ ಮಧುಮೇಹದ ಅಪಾಯವೂ ಹೆಚ್ಚುತ್ತಾ ಹೋದದ್ದು ಕಂಡುಬಂದಿದೆ.

ಎರಡನೆಯದು ಆಹಾರ. ಮಧ್ಯಾಹ್ನದ ಊಟ 3 ಗಂಟೆಗೆ, ರಾತ್ರಿಯ ಊಟ 11ಕ್ಕೆ, ನಡುವೆ ಬಂದವರೊಡನೆಲ್ಲ ಸಕ್ಕರೆ ಹಾಕಿದ ಕಾಫಿ-ಚಹಾ, ಜೊತೆಗೆ ಬೋಂಡವೋ ಬಿಸ್ಕತ್ತೋ. ದಿನಕ್ಕೆ 6 ಲೋಟ ಚಹಾ, ಲೋಟಕ್ಕೆ 2 ಚಮಚ ಸಕ್ಕರೆಯೆಂದರೆ 12 ಚಮಚಗಳಾದವು. ಬೀಡಿ, ಸಿಗರೇಟು, ಗುಟ್ಕಾ, ಮದ್ಯಗಳ ಮೊರೆ ಹೋಗುವುದೂ ಇದರ ಮುಂದುವರಿದ ಭಾಗವೇ.

ಮೂರನೆಯದು ಕುಳಿತೇ ಇರುವುದು. ಗಲ್ಲಾಪೆಟ್ಟಿಗೆಯ ಮುಂದೆಯೋ ಕಂಪ್ಯೂಟರಿನ ಮುಂದೆಯೋ ದಿನವಿಡೀ ಕುಳಿತಿರುವವರಿಗೆ 2012ರ ಆಸ್ಟ್ರೇಲಿಯಾದ ಪ್ರಯೋಗವೊಂದು ಸುಲಭದ ಉಪಾಯ ತೋರಿಸಿದೆ. ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಿಧಾನವಾಗಿ ನಡೆದವರಲ್ಲಿ ಆಹಾರ ಸೇವನೆಯ ನಂತರದ ರಕ್ತದ ಸಕ್ಕರೆ ಸತತವಾಗಿ ಕುಳಿತವರಿಗಿಂತ ಕಡಿಮೆಯಿತ್ತು. ಫೋನಿನಲ್ಲಿ ಮಾತನಾಡುವಾಗಲೆಲ್ಲ ಎದ್ದು ಓಡಾಡುವ ಅಭ್ಯಾಸಕ್ಕೆ ಒಂದು ರೂಪಾಯಿಯೂ ಖರ್ಚಾಗದು.

ತಮ್ಮ ಅಪಾಯದ ಲೆಕ್ಕ ಹಾಕಿಕೊಳ್ಳಿ

ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಭಾರತೀಯರಿಗೆಂದೇ ರೂಪಿಸಿದ ಅಂಕಪಟ್ಟಿಯಿಂದ ಯಾರು ಬೇಕಾದರೂ ತಮ್ಮ ಅಪಾಯವನ್ನು ಅಂದಾಜು ಮಾಡಿಕೊಳ್ಳಬಹುದು. ಬೇಕಾದುದು ಒಂದು ಅಳತೆಯ ಟೇಪು ಮಾತ್ರ.

ವಯಸ್ಸು: 35ಕ್ಕಿಂತ ಕಡಿಮೆಯಿದ್ದರೆ 0, 35ರಿಂದ 49 ಆದರೆ 20, 50 ಮತ್ತು ಮೇಲ್ಪಟ್ಟರೆ 30 ಅಂಕ.

ಸೊಂಟದ ಸುತ್ತಳತೆ: ಪುರುಷರಿಗೆ 90 ಸೆಂ.ಮೀ.ಗಿಂತ ಕಡಿಮೆ, ಸ್ತ್ರೀಯರಿಗೆ 80 ಸೆಂ.ಮೀ.ಗಿಂತ ಕಡಿಮೆಯಿದ್ದರೆ 0; ಪುರುಷರಿಗೆ 90ರಿಂದ 99, ಸ್ತ್ರೀಯರಿಗೆ 80ರಿಂದ 89 ಆದರೆ 10; ಅದಕ್ಕೂ ಮೀರಿದರೆ 20.

ಶ್ರಮ: ನಿಯಮಿತ ವ್ಯಾಯಾಮದ ಜೊತೆಗೆ ಶ್ರಮದ ಕೆಲಸವೂ ಇದ್ದರೆ 0, ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30.

ವಂಶ: ತಂದೆ-ತಾಯಿಯರಲ್ಲಿ ಯಾರಿಗೂ ಮಧುಮೇಹವಿಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಒಟ್ಟು 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಅಧಿಕವೆಂದರ್ಥ. 45 ವರ್ಷದ, 96 ಸೆಂ.ಮೀ. ಸೊಂಟದ, ದಿನವಿಡೀ ಕುಳಿತಿರುವ, ತಂದೆಗೆ ಮಧುಮೇಹವಿದ್ದ ವರ್ತಕರೊಬ್ಬರ ಅಂಕ 20, 10, 30 ಮತ್ತು 10 ಸೇರಿ 70 ಆಗುತ್ತದೆ. ವಯಸ್ಸನ್ನೂ ವಂಶವನ್ನೂ ಬದಲಿಸಲಾಗದು. ಆದರೆ ಅವರು ನಿತ್ಯ ವ್ಯಾಯಾಮ ಆರಂಭಿಸಿ ಸೊಂಟವನ್ನು 90ರೊಳಗೆ ತಂದರೆ ಅಂಕ 50ಕ್ಕೆ ಇಳಿಯುತ್ತದೆ. ಇಳಿಸಬಹುದಾದ ಈ 20 ಅಂಕಗಳು ಅವರ ಕೈಯಲ್ಲಿಯೇ ಇವೆ.

ಅಂಕ 60 ದಾಟಿದವರು ತಡಮಾಡದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ 126 ಮಿ.ಗ್ರಾಂ. ಅಥವಾ ಹೆಚ್ಚಿದ್ದರೆ ಮಧುಮೇಹವೆಂದೂ, 100ರಿಂದ 125ರ ನಡುವೆ ಇದ್ದರೆ ಅದರ ಪೂರ್ವಸ್ಥಿತಿಯೆಂದೂ ಪರಿಗಣಿಸಲಾಗುತ್ತದೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಅಥವಾ ಹೆಚ್ಚು ಬಂದರೆ ಮಧುಮೇಹ, 5.7ರಿಂದ 6.4 ಬಂದರೆ ಪೂರ್ವಸ್ಥಿತಿ. ರೋಗಲಕ್ಷಣಗಳಿಲ್ಲದವರಲ್ಲಿ ವೈದ್ಯರು ಎರಡನೆಯ ಬಾರಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ.

ಪೂರ್ವಸ್ಥಿತಿಯಲ್ಲಿ ಇರುವವರು ಧೈರ್ಯಗೆಡಬೇಕಾಗಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ 531 ಮಂದಿಯನ್ನು ಬಹುತೇಕ ಉದ್ಯೋಗ ಸ್ಥಳಗಳ ಮೂಲಕವೇ ಗುರುತಿಸಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ 3 ವರ್ಷಗಳಲ್ಲಿ ಶೇ. 55 ಮಂದಿಗೆ ಮಧುಮೇಹ ಬಂದರೆ, ಆಹಾರ ಮತ್ತು ನಡಿಗೆಯ ಬಗ್ಗೆ ನಿರಂತರ ಮಾರ್ಗದರ್ಶನ ಪಡೆದವರಲ್ಲಿ ಈ ಪ್ರಮಾಣ ಶೇ. 39.3ಕ್ಕೆ ಇಳಿಯಿತು. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಅದರ ಮುಖ್ಯ ಅಂಗವಾಗಿತ್ತು.

ಹಿಡಿತವನ್ನು ಮರಳಿ ಪಡೆಯುವ ಬಗೆ

ಯೋಗ, ಪ್ರಾಣಾಯಾಮ, ನಡಿಗೆಗಳು ಉಪಯುಕ್ತವೇ ಸರಿ. ಆದರೆ ಬೆಳಿಗ್ಗೆ ಅರ್ಧ ಗಂಟೆ ಪ್ರಾಣಾಯಾಮ ಮಾಡಿ ಉಳಿದ ದಿನವನ್ನೆಲ್ಲ ಸಾಲಗಾರರ ಫೋನಿಗೆ ಹೆದರುತ್ತ ಕಳೆದರೆ ಪ್ರಯೋಜನ ಅಲ್ಪ. ಒತ್ತಡದ ಮೂಲ ವ್ಯವಹಾರದಲ್ಲಿದ್ದರೆ ಪರಿಹಾರವನ್ನೂ ವ್ಯವಹಾರದಲ್ಲಿಯೇ ಹುಡುಕಬೇಕು.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಸಲ್ಲಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಕೊಡತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ವಿವಾದಗಳನ್ನು ಸೌಲಭ್ಯ ಮಂಡಳಿಯ ಮುಂದೆ ಒಯ್ಯಬಹುದು. ಉದ್ಯಮ್ ನೋಂದಣಿ ಮಾಡಿಸಿ, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸುವುದು ಮೊದಲ ಹೆಜ್ಜೆ. ವರ್ತಕರಿಗೆ 2021ರಿಂದ ಉದ್ಯಮ್ ನೋಂದಣಿ ತೆರೆದಿದ್ದರೂ ಅದು ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿ ನೀಡಿದ ಸೌಲಭ್ಯ. ಆದುದರಿಂದ ವರ್ತಕರು ಉದರಿಯ ಮಿತಿಯನ್ನು ಗಿರಾಕಿಗೊಂದರಂತೆ ಬರೆದಿಟ್ಟು ಅದನ್ನು ಮೀರದಿರುವುದೇ ಲೇಸು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳೊಳಗಿರುವವರು ಜಿ.ಎಸ್.ಟಿ. ವಿವರಗಳನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ವ್ಯವಸ್ಥೆಯನ್ನು ಆಯ್ದುಕೊಂಡರೆ ಹೊರೆ ಸ್ವಲ್ಪ ಇಳಿಯುತ್ತದೆ. ತೆರಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕೆಂಬ ಹಟ ಬಿಟ್ಟು ನಂಬಿಕಸ್ಥ ಸಿಬ್ಬಂದಿಗೆ ಒಂದೆರಡು ಹೊಣೆಗಳನ್ನು ಪೂರ್ತಿಯಾಗಿ ವಹಿಸುವುದೂ ಒಳ್ಳೆಯ ಔಷಧವೇ.

ಮಾಲೀಕನಿಗೆ ಬೇಕಾದ ಹಿಡಿತ ಕಾರ್ಮಿಕನಿಗೂ ಬೇಕು. ಪಾಳಿಯ ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವುದು, ಊಟದ ವಿರಾಮಕ್ಕೆ ಕತ್ತರಿ ಹಾಕದಿರುವುದು, ವೇತನವನ್ನು ದಿನ ತಪ್ಪದೆ ಕೊಡುವುದು, ಕೆಲಸದ ಕ್ರಮದ ಬಗ್ಗೆ ಅವನ ಮಾತನ್ನೂ ಕೇಳುವುದು ಇವು ಖರ್ಚಿಲ್ಲದ ಸುಧಾರಣೆಗಳು. ಮಧುಮೇಹವಿರುವ ಕಾರ್ಮಿಕರ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡವರ ಊಟ ತಡವಾದರೆ ರಕ್ತದ ಸಕ್ಕರೆ ಹಠಾತ್ತಾಗಿ ಕುಸಿಯಬಹುದು. ಬೆವರು, ಕೈನಡುಕ, ಗಲಿಬಿಲಿ ಇದರ ಲಕ್ಷಣಗಳು. ಅಂಥವರನ್ನು ತಕ್ಷಣ ಯಂತ್ರದಿಂದ ದೂರ ಕೂರಿಸಿ, ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಬೆರೆಸಿದ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಪ್ರತಿ ಕಾರ್ಖಾನೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಗ್ಲೂಕೋಸ್ ಇರಲಿ.

ವರ್ಷಾಂತ್ಯದಲ್ಲಿ ಲೆಕ್ಕ ಮುಗಿಸಿ ಆಢಾವೆ ಪತ್ರಿಕೆ ಸಿದ್ಧಪಡಿಸುವುದು ವ್ಯಾಪಾರದ ಶಿಸ್ತು. ಅದೇ ವಾರದಲ್ಲಿ ಮಾಲೀಕರೂ ನಲವತ್ತು ದಾಟಿದ ಸಿಬ್ಬಂದಿಯೂ ಒಟ್ಟಾಗಿ ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ಸೊಂಟದ ಸುತ್ತಳತೆಯ ಪರೀಕ್ಷೆ ಮಾಡಿಸಿಕೊಂಡು ಮೂರು ಅಂಕಿಗಳನ್ನು ಬರೆದಿಡುವ ಪದ್ಧತಿಯನ್ನು ಸದಸ್ಯ ಬಾಂಧವರು ಆರಂಭಿಸಬಹುದು. ಹಿಂದಿನ ವರ್ಷದ ಅಂಕಿಯೊಡನೆ ಈ ವರ್ಷದ್ದನ್ನು ಹೋಲಿಸಿ ನೋಡುವುದು ವ್ಯಾಪಾರಿಗಳಿಗೆ ಕರಗತವಾದ ವಿದ್ಯೆ. ಆ ವಿದ್ಯೆಯನ್ನು ತಮ್ಮ ದೇಹದ ಖಾತೆಗೂ ಅನ್ವಯಿಸಿದರೆ ನಷ್ಟದ ಸೂಚನೆ ಸಕಾಲದಲ್ಲಿ ಸಿಗುತ್ತದೆ, ಸರಿಪಡಿಸಲು ಸಮಯವೂ ಉಳಿಯುತ್ತದೆ.